ಕೆಂಪು ಪೆನ್ನಿನ ಮೆಹರುನ್ನೀಸಾ ಮಿಸ್

ಕುಕ್ ಟೌನಿನ ಆ ಖಾಸಗಿ ಪ್ರಾಥಮಿಕ ಶಾಲೆಯ ಹೆಸರಿನಲ್ಲಿ ಒಂದು ತೊರೆ, ಒಂದು ಹುಲ್ಲುಗಾವಲು ಎರಡೂ ಇಂಗ್ಲಿಷಿನಲ್ಲಿ ಇದ್ದವು. ಹುಲ್ಲುಗಾವಲಿನ ಲೆಕ್ಕಕ್ಕೆ ಅಂಗಳದಲ್ಲಿ ಹಸಿರು ಪ್ಲಾಸ್ಟಿಕ್ ಹಾಸು ಹಾಕಿಸಿದ್ದರು. ತೊರೆಗೆ ಮಾತ್ರ ಯಾರೂ ಖರ್ಚು ಮಾಡಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಗೇಟಿನ ಮುಂದಿನ ಮೋರಿ ಉಕ್ಕಿದಾಗ ಅದು ತಾನಾಗಿಯೇ ಬರುತ್ತಿತ್ತು. ಈ ಶಾಲೆಯಲ್ಲಿ ಮೆಹರುನ್ನೀಸಾ ಇಪ್ಪತ್ತಾರು ವರ್ಷಗಳಿಂದ ಮೂರನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಶಿವಾಜಿನಗರದ ಗಲ್ಲಿಯೊಂದರಲ್ಲಿ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು. ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದ ತಂದೆ ಅಹ್ಮದ್ ಪಾಷಾಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಬೋರ್ಡು ಓದುವುದಕ್ಕೆಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಪಾಷಾ ಸಾಹೇಬರ ಮಗಳು ಬಸ್ಸು ಓದುತ್ತಾಳೆಂಬ ಸುದ್ದಿ ಹಬ್ಬಿ, ಅಕ್ಕಪಕ್ಕದವರೂ ಹುಡುಗಿಯನ್ನು ಎರವಲು ಪಡೆಯತೊಡಗಿದರು. ಇಷ್ಟು ಮರ್ಯಾದೆ ತಂದುಕೊಟ್ಟ ಭಾಷೆಯನ್ನು ಬಿಡುವುದುಂಟೇ? ಮುಂದೆ ಅದನ್ನೇ ಓದಿ ಟೀಚರಾದರು.

ಆದರೆ ಟೀಚರಾದ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಯಾರೋ "ಅರೆ, ನಿಮ್ ಕನ್ನಡ ಎಷ್ಟ್ ಚೆನ್ನಾಗಿದೆ!" ಎಂದು ಕಣ್ಣರಳಿಸಿದ್ದರು. ಇಪ್ಪತ್ತಾರು ವರ್ಷವಾದರೂ ಆ ಹೊಗಳಿಕೆ ನಿಂತಿರಲಿಲ್ಲ. ಕನ್ನಡ ಟೀಚರಿಗೆ ಕನ್ನಡ ಬರುತ್ತದೆ ಎಂಬುದು ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆಲ್ಲ ಹೊಸದಾಗಿಯೇ ಆಶ್ಚರ್ಯ ತರುತ್ತಿತ್ತು. ಬೇರೆಯವರು ತಪ್ಪು ಬರೆದರೆ ಅದು ಕೈತಪ್ಪು, ತಾನು ಬರೆದರೆ ಅದಕ್ಕೆ ಬೇರೆಯೇ ಅರ್ಥ ಎಂಬುದು ಮೆಹರುನ್ನೀಸಾಗೆ ಬೇಗ ತಿಳಿಯಿತು. ಅವರು ತಪ್ಪು ಮಾಡುವುದನ್ನು ಬಿಟ್ಟರು. ಮಕ್ಕಳೂ ಬಿಡಬೇಕೆಂದು ಕೆಂಪು ಪೆನ್ನು ಹಿಡಿದರು. ಅವರು ತಿದ್ದಿದ ಪುಟ ಯುದ್ಧಭೂಮಿಯಂತೆ ಕಾಣುತ್ತಿತ್ತು. ಒತ್ತಕ್ಷರ ಬಿಟ್ಟವರ ಗತಿಯಂತೂ ಕೇಳುವುದೇ ಬೇಡ.

ಇತ್ತ ಶಾಲೆ ಪ್ರತಿ ಜೂನಿನಲ್ಲಿ ಓದುಬರಹ ಕಲಿಸುವ ಹೊಸ ವಿಧಾನವೊಂದನ್ನು ಕಂಡುಹಿಡಿದು ಮಾರ್ಚಿನೊಳಗೆ ಮರೆಯುತ್ತಿತ್ತು. ಒಂದು ವರ್ಷ ಮರಳಿನಲ್ಲಿ ಅಕ್ಷರ ಬರೆಸಿದರು; ಮಕ್ಕಳು ಮರಳನ್ನು ಒಬ್ಬರ ತಲೆಗೊಬ್ಬರು ಸುರಿದುಕೊಂಡರು. ಇನ್ನೊಂದು ವರ್ಷ ಕುಣಿತದ ಮೂಲಕ ವರ್ಣಮಾಲೆ; 'ಙ' ಅಕ್ಷರಕ್ಕೆ ಹೇಗೆ ಕುಣಿಯಬೇಕೆಂದು ತಜ್ಞರಿಗೂ ತೋಚದೆ ಆ ಅಕ್ಷರವನ್ನೇ ಕೈಬಿಟ್ಟರು. ಆಮೇಲೆ ಸ್ಮಾರ್ಟ್ ಬೋರ್ಡ್ ಬಂತು. ಅದರ ರಿಮೋಟ್ ಕಳೆದುಹೋದ ಮೇಲೆ ಬೋರ್ಡಿನ ಮೇಲೆ ಟೈಮ್ ಟೇಬಲ್ ಅಂಟಿಸಿದರು. ಇವೆಲ್ಲ ನಡೆಯುವಾಗ ಮೆಹರುನ್ನೀಸಾ ಬಾಗಿಲು ಮುಂದೆ ಮಾಡಿಕೊಂಡು ಉಕ್ತಲೇಖನ ಕೊಡುತ್ತಿದ್ದರು.

ಆ ಜೂನಿನಲ್ಲಿ ಸೂರ್ಯ ಬಂದ. ಇಂದಿರಾನಗರದವನು, ಹೆಗಲಿಗೆ ಸೆಣಬಿನ ಚೀಲ, ಹುದ್ದೆ ಲಿಟರಸಿ ಕೋಚ್. ಟೀಚರುಗಳನ್ನೆಲ್ಲ ನೆಲದ ಮೇಲೆ ವೃತ್ತಾಕಾರವಾಗಿ ಕೂರಿಸಿದ. ಮಂಡಿನೋವಿನವರಿಗೂ ವಿನಾಯಿತಿ ಇರಲಿಲ್ಲ.

"ಪ್ರತಿ ಮಗೂನೂ ಒಬ್ಬ ಆಥರ್," ಎಂದ ಸೂರ್ಯ. "ನಾವು ತಿದ್ದಿದ್ರೆ ಅದರ ವಾಯ್ಸ್ ಸಾಯುತ್ತೆ. ರೆಡ್ ಪೆನ್ ಈಸ್ ವಯಲೆನ್ಸ್."

"ಒತ್ತಕ್ಷರ ಬಿಟ್ರೆ?" ಎಂದು ಮೆಹರುನ್ನೀಸಾ ಕೇಳಿದರು.

"ಬಿಡ್ಲಿ ಮಿಸ್. ಮನಸ್ಸಲ್ಲಿರೋದು ಬರೀಲಿ. ನೀವು ಒಂದೇ ಪ್ರಶ್ನೆ ಕೇಳಿ: ಆಮೇಲೆ ಏನಾಯ್ತು?"

ಪ್ರಿನ್ಸಿಪಾಲ್ ಪದ್ಮಶ್ರೀ ಒಂದು ಚಂದದ ಡಬ್ಬಿ ಹಿಡಿದು ಎಲ್ಲರ ಕೆಂಪು ಪೆನ್ನುಗಳನ್ನು ಸಂಗ್ರಹಿಸಿದರು. ಫೋಟೋ ತೆಗೆದು ಶಾಲೆಯ ಪೇಜಿಗೆ ಹಾಕಿದರು. ಪ್ರತಿ ಶುಕ್ರವಾರ ಕೊನೆಯ ಪೀರಿಯಡ್ 'ಲೇಖಕರ ಸಮಯ' ಎಂದು ಸರ್ಕ್ಯುಲರ್ ಬಂತು. ಮೆಹರುನ್ನೀಸಾ ಅಂದು ಸಂಜೆ ಪುಲಿಕೇಶಿನಗರದ ಮನೆಗೆ ಹೋಗಿ, ಕೈ ಕಡಿದುಕೊಟ್ಟು ಬಂದವರಂತೆ ಕೂತರು.

ಮೊದಲ ಶುಕ್ರವಾರ ಲೇಖಕರೆಲ್ಲ ಹಸುವಿನ ಬಗ್ಗೆ ಬರೆದರು. ಹಸು ಸಾಕುಪ್ರಾಣಿ, ಹಸುವಿಗೆ ನಾಲ್ಕು ಕಾಲು, ಹಸು ಹಾಲು ಕೊಡುತ್ತದೆ. ಎರಡನೆಯ ಶುಕ್ರವಾರವೂ ಹಸುವೇ. ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದರೆ ಮಕ್ಕಳು ಗಾಬರಿಯಾಗುತ್ತಿದ್ದರು. ಮನಸ್ಸಿನಲ್ಲಿ ಹಸುವನ್ನು ಕಟ್ಟಿಹಾಕಿದವರು ಮೆಹರುನ್ನೀಸಾ ಅವರೇ. 'ನೋಡಿ, ನಿಮ್ಮ ಲೇಖಕರು' ಎಂದು ಸೂರ್ಯನಿಗೆ ತೋರಿಸಬೇಕೆಂದು ಆ ಹಾಳೆಗಳನ್ನು ಅವರು ಸಂತೋಷದಿಂದ ಜೋಡಿಸಿಟ್ಟರು.

ಮೂರನೆಯ ಶುಕ್ರವಾರ ಹಂಸ ಎಂಬ ಹುಡುಗಿ ಒಂದು ಹಾಳೆ ಕೊಟ್ಟಳು. ಜೋಗುಪಾಳ್ಯದವಳು. ತಾಯಿ ಟೈಲರಿಂಗ್ ಮಾಡುತ್ತಿದ್ದರು. ಒತ್ತಕ್ಷರದ ವಿಷಯದಲ್ಲಿ ಹಂಸ ಇಡೀ ತರಗತಿಯಲ್ಲೇ ದೊಡ್ಡ ಅಪರಾಧಿ. ಅವಳು ಹೀಗೆ ಬರೆದಿದ್ದಳು:

"ನಮ ಸ್ಕೂಲಲಿ ಐದು ಟಾಯಿಲೆಟ್ ಇದೆ. ನಾಕಕ್ಕೆ ಬೀಗ. ಅಪ್ಪ ಅಮ್ಮ ಎಲಾ ಬರೋ ದಿನ ಬೀಗ ತೆಗಿತಾರೆ. ಅವತು ನಾನು ಅರ್ಜಂಟ್ ಇಲದೆ ಇದ್ರೂ ಎರಡು ಸಲ ಹೋಗ್ತಿನಿ."

ಮೆಹರುನ್ನೀಸಾರ ಬೆರಳು ತಾನಾಗಿ ಪೆನ್ನು ಹುಡುಕಿತು. ಆಮೇಲೆ ಅವರಿಗೆ ನಗು ಬಂತು. ಕೂಡಲೇ ಇನ್ನೊಂದು ಹೊಳೆದು ನಗು ನಿಂತಿತು. ತಾವು ಈ ಹಾಳೆಯನ್ನು ಕೊನೆಯತನಕ ಓದಿದ್ದರು. ಇಷ್ಟು ವರ್ಷ ಸಾವಿರಾರು ಹಾಳೆ ನೋಡಿದ್ದರಲ್ಲ, ಅವುಗಳಲ್ಲಿ ತಪ್ಪುಗಳನ್ನು ಓದಿದ್ದರೇ ಹೊರತು ಯಾವ ಮಗು ಏನು ಹೇಳಿತೆಂದು ಓದಿದ ನೆನಪಿರಲಿಲ್ಲ. ಅವರಿಗೆ ಸೂರ್ಯನ ಮೇಲೆ ಸಿಟ್ಟು ಬಂತು. ಸೆಣಬಿನ ಚೀಲದ ಹುಡುಗ ಹೇಳಿದ್ದು ಸರಿಯಾಗಿರಬಹುದೆಂಬುದು ಸಹಿಸುವ ಮಾತಾಗಿರಲಿಲ್ಲ.

ಆದರೂ ಕೇಳಿದರು. "ಆಮೇಲೆ ಏನಾಯ್ತು, ಹಂಸ?"

"ಆಮೇಲೆ ಏನಿಲ್ಲ ಮಿಸ್. ಮತ್ತೆ ಬೀಗ ಹಾಕಿದ್ರು."

"ಅದನ್ನೂ ಬರಿ."

ಮಿಸ್ ಬೈಯಲಿಲ್ಲ ಎಂಬ ಸುದ್ದಿ ಬೆಂಚಿನಿಂದ ಬೆಂಚಿಗೆ ಹೋಯಿತು. ಮುಂದಿನ ಶುಕ್ರವಾರಗಳಲ್ಲಿ ಹಸು ಮಾಯವಾಯಿತು. ಹಾಳೆಗಳ ಮೇಲೆ ಜಗಳವಾಡುವ ಚಿಕ್ಕಮ್ಮಂದಿರು ಬಂದರು, ಕರೆಂಟ್ ಕಂಬ ಹತ್ತಿದ ಬೆಕ್ಕು ಬಂತು. ಕನ್ನಡ ಅಕ್ಷರದಲ್ಲಿ ತಮಿಳು ಬಂತು, ದಖನಿ ಬಂತು. ಮೆಹರುನ್ನೀಸಾ ಮೊದಲು ಕಥೆ ಕೇಳಿ, ನಗುವುದಿದ್ದರೆ ನಕ್ಕು, ಆಮೇಲೆ ಪೆನ್ಸಿಲಿನಲ್ಲಿ ಒತ್ತಕ್ಷರ ತೋರಿಸುತ್ತಿದ್ದರು. ಪೂರ್ತಿ ಬಿಡುವುದು ಅವರಿಂದ ಆಗಲಿಲ್ಲ. ತಮಾಷೆಯೆಂದರೆ ಮಕ್ಕಳು ಈಗ ತಾವೇ ಬಂದು, "ಮಿಸ್, 'ಒದ್ದ'ಕ್ಕೆ ಎಷ್ಟು ದ?" ಎಂದು ಕೇಳತೊಡಗಿದರು. ಬೆಕ್ಕು ಯಾರನ್ನೋ ಒದ್ದಿದ್ದು ಓದುವವರಿಗೆ ಸರಿಯಾಗಿ ತಿಳಿಯಬೇಕಿತ್ತು.

ಡಿಸೆಂಬರಿನಲ್ಲಿ 'ಲೇಖಕರ ದಿನ' ನಿಗದಿಯಾಯಿತು. ಪ್ರತಿ ತರಗತಿಯಿಂದ ಒಬ್ಬ ಲೇಖಕ ತಂದೆತಾಯಿಯರ ಮುಂದೆ ವೇದಿಕೆಯ ಮೇಲೆ ಓದಬೇಕು. ಉಳಿದ ತರಗತಿಗಳಿಂದ ಪರಿಸರ ಮಾಲಿನ್ಯ, ನೀರು ಉಳಿಸಿ, ನನ್ನ ಭಾರತ ಮುಂತಾದ ಕೃತಿಗಳು ಬಂದವು. ಅವುಗಳನ್ನು ಬರೆದ ತಾಯಂದಿರು ಒಳ್ಳೆಯ ವಿದ್ಯಾವಂತರಿದ್ದರು. ಮೆಹರುನ್ನೀಸಾ ಕೊಟ್ಟ ಹೆಸರು ಹಂಸ.

ಪದ್ಮಶ್ರೀ ಟಾಯ್ಲೆಟ್ಟಿನ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದರು. "ಇದೇನ್ ಮಿಸ್ ಇದು? ಮಕ್ಕಳು ಅಂದ್ರೆ ಚಿಟ್ಟೆ, ಕಾಮನಬಿಲ್ಲು ಅಂತ ಬರೀಬೇಕು."

"ಮಗು ವಾಯ್ಸ್ ಸಾಯುತ್ತಲ್ವಾ ಮೇಡಂ?"

"ವಾಯ್ಸ್ ಇರ್ಲಿ. ಟಾಪಿಕ್ ನಾವು ಕೊಡೋಣ. ಚಿಟ್ಟೆ ಬಗ್ಗೆ ಬರೀಲಿ."

ಹಂಸ ವಿಧೇಯಳಾಗಿ ಚಿಟ್ಟೆಯ ಬಗ್ಗೆ ಬರೆದಳು. ಮೆಹರುನ್ನೀಸಾ ಅದನ್ನು ಓದಿದರು, ಮತ್ತೊಮ್ಮೆ ಓದಿದರು. ನೌಕರಿಯ ಬಗ್ಗೆಯೂ ಸ್ವಲ್ಪ ಯೋಚಿಸಿದರು. ಆಮೇಲೆ ಒತ್ತಕ್ಷರಗಳನ್ನು ಮಾತ್ರ ಸರಿಮಾಡಿಸಿ ಪ್ರಿನ್ಸಿಪಾಲರ ಮುಂದೆ ಇಟ್ಟರು. ಪದ್ಮಶ್ರೀಗೆ ಅಂದು ಕುರ್ಚಿಗಳಿಗೆ ರಿಬ್ಬನ್ ಕಟ್ಟಿಸುವ ಗಡಿಬಿಡಿ. ಮೇಲೆ 'ಚಿಟ್ಟೆ' ಎಂದಿದ್ದುದನ್ನು ನೋಡಿ "ಸ್ವೀಟ್!" ಎಂದು ಸಹಿ ಹಾಕಿದರು.

ಆ ಶನಿವಾರ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಶಾಲೆಯ ಮಾಲೀಕ ಮುನಿರಾಜ್. ಅವರ ತಾತ ಕೆ.ಆರ್. ಪುರದ ಕಡೆ ರಾಗಿ ಬೆಳೆಯುತ್ತಿದ್ದರು. ಜಮೀನು ಸೈಟುಗಳಾದ ಮೇಲೆ ಮೊಮ್ಮಗ ವಿದ್ಯೆ ಬೆಳೆಯುತ್ತಿದ್ದರು. ಮಾಲಿನ್ಯ ಮುಗಿಯಿತು, ಭಾರತವೂ ಮುಗಿಯಿತು. ಹಂಸ ಮೈಕಿನ ಮುಂದೆ ನಿಂತಳು.

"ಚಿಟ್ಟೆ. ಪ್ರಿನ್ಸಿಪಾಲ್ ಮೇಡಂ ಚಿಟ್ಟೆ ಬಗ್ಗೆ ಬರಿ ಅಂದ್ರು. ನಾನು ಚಿಟ್ಟೆ ನೋಡಿರೋದು ಒಂದೇ ಸಲ. ನಮ್ಮ ಸ್ಕೂಲಲ್ಲಿ ಬೀಗ ಹಾಕಿರೋ ಟಾಯ್ಲೆಟ್ ಇದೆಯಲ್ಲ, ಅದರ ಗಾಜಿನ ಕಿಟಕೀಲಿ ಇತ್ತು. ಅದಕ್ಕೆ ಆಚೆ ಬರಬೇಕಿತ್ತು. ನನಗೆ ಒಳಗೆ ಹೋಗಬೇಕಿತ್ತು. ಇಬ್ಬರಿಗೂ ಆಗಲಿಲ್ಲ."

ಮೊದಲು ಎಲ್ಲರೂ ನಕ್ಕರು. ನಗು ಮುಗಿಯುತ್ತ ಬಂದಂತೆ ತಾಯಂದಿರು ತಮ್ಮ ತಮ್ಮ ಮಕ್ಕಳ ಕಡೆ ತಿರುಗಿದರು. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು, "ಅದಕ್ಕೇನಾ ನನ್ ಮಗಳು ಮನೆಗ್ ಬಂದ ತಕ್ಷಣ ಬಾತ್ ರೂಮಿಗೆ ಓಡೋದು?" ಎಂದರು. ಇನ್ನೊಬ್ಬರು, "ನಡೀರಿ, ನೋಡೇಬಿಡೋಣ," ಎಂದರು. ಅರ್ಧ ಸಭೆ ಟಾಯ್ಲೆಟ್ಟಿನ ಕಡೆ ಹೊರಟಿತು. ಅಂದು ಬೀಗಗಳನ್ನು ತೆಗೆದಿದ್ದರು, ಒಳಗೆ ಹೊಸ ಸೋಪು, ಟವೆಲ್ಲು ಎಲ್ಲ ಇದ್ದವು. ಆದರೆ ತೆಗೆದ ಬೀಗಗಳು ಅಲ್ಲೇ ಚಿಲಕಗಳಿಗೆ ನೇತಾಡುತ್ತಿದ್ದವು.

"ಏನ್ರೀ ಪದ್ಮಶ್ರೀ ಅವ್ರೇ, ಯಾಕ್ರೀ ಬೀಗ ಹಾಕ್ಸಿದ್ರಿ?" ಎಂದು ಮುನಿರಾಜ್ ಎಲ್ಲರಿಗೂ ಕೇಳಿಸುವಂತೆ ಗದರಿದರು.

"ಸಾರ್, ನೀರು ಜಾಸ್ತಿ ಹೋಗ್ತಿದೆ ಅಂತ ನೀವೇ ತಾನೆ..." ಎಂದು ಪದ್ಮಶ್ರೀ ಎಲ್ಲರಿಗೂ ಕೇಳಿಸುವಂತೆಯೇ ಹೇಳಿಬಿಟ್ಟರು.

ಸೋಮವಾರ ಬೀಗಗಳಿರಲಿಲ್ಲ. ಮಧ್ಯಾಹ್ನಕ್ಕೆ ಸರ್ಕ್ಯುಲರ್ ಬಂತು: ಮಕ್ಕಳ ಬರವಣಿಗೆಗೆ ಭದ್ರ ಬುನಾದಿ ಬೇಕಾಗಿರುವುದರಿಂದ ಲೇಖಕರ ಸಮಯವನ್ನು ರದ್ದುಪಡಿಸಿ ಕಾಪಿರೈಟಿಂಗ್ ಆರಂಭಿಸಲಾಗಿದೆ. ಕುಣಿತವನ್ನೂ ಮರಳನ್ನೂ ಮಾರ್ಚಿನವರೆಗೆ ಸಹಿಸಿದ್ದ ಶಾಲೆ ಇದೊಂದು ವಿಧಾನವನ್ನು ಡಿಸೆಂಬರಿನಲ್ಲೇ ಕೈಬಿಟ್ಟಿತು. ಮಕ್ಕಳಿಗೆ ನಿಜವಾಗಿ ಬರೆಯಲು ಬಂದುಬಿಟ್ಟಿದ್ದು ಇದೊಂದರಿಂದಲೇ. ಸೂರ್ಯನ ಕರಾರು ಮುಂದುವರಿಯಲಿಲ್ಲ. ಹೊರಡುವ ದಿನ ಅವನು ಸ್ಟಾಫ್ ರೂಮಿಗೆ ಬಂದ.

"ಮಿಸ್, ನಿಜ ಹೇಳ್ತೀನಿ. ಈ ಮೆಥಡ್ ಇಷ್ಟು ವರ್ಕ್ ಆಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ."

"ವರ್ಕ್ ಆಗೋದು ನಂಗೆ ಇಷ್ಟಾನೂ ಇರ್ಲಿಲ್ಲಪ್ಪ," ಎಂದರು ಮೆಹರುನ್ನೀಸಾ. ತಮ್ಮ ಡಬ್ಬಿಯಲ್ಲಿದ್ದ ಕ್ರಿಸ್ಮಸ್ ಸಿಹಿತಿಂಡಿ ಕಲ್ಕಲ್ ತಿನ್ನಲು ಕೊಟ್ಟು ಕಳಿಸಿದರು.

ಅವರಿಗೆ ಒಂದು ಮೆಮೊ ಬಂತು. ವಿವರಣೆಯನ್ನು ಎಂತಹ ಅಚ್ಚುಕಟ್ಟು ಕನ್ನಡದಲ್ಲಿ ಬರೆದುಕೊಟ್ಟರೆಂದರೆ ಅದನ್ನು ಆಫೀಸಿನಲ್ಲಿ ಯಾರಿಗೂ ಪೂರ್ತಿ ಓದಲಾಗಲಿಲ್ಲ. ವಿಷಯ ಅಲ್ಲಿಗೇ ನಿಂತಿತು. ಮರುವರ್ಷದ ಅಡ್ಮಿಷನ್ ಪುಸ್ತಿಕೆಯಲ್ಲಿ 'ಸದಾ ತೆರೆದ ಮಕ್ಕಳಸ್ನೇಹಿ ಶೌಚಾಲಯಗಳು' ಎಂಬ ಸಾಲು ಸೇರಿತು. ಹಂಸಳ ಹೆಸರು ಅದರಲ್ಲಿರಲಿಲ್ಲ.

ಕಾಪಿರೈಟಿಂಗ್ ಎಂದರೆ ಅಂದವಾಗಿ ಬರೆಯುವುದು. ಏನನ್ನು ಬರೆಯಬೇಕೆಂದು ಸರ್ಕ್ಯುಲರಿನಲ್ಲಿ ಹೇಳಿರಲಿಲ್ಲ. ಮೂರನೆಯ ತರಗತಿಯ ಮಕ್ಕಳು ಈಗಲೂ ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಬಹಳ ಅಂದವಾಗಿ ಬರೆಯುತ್ತಾರೆ. ಮೊನ್ನೆ ಸಕ್ಲೇನ್ ಎಂಬವನು ತನ್ನ ಮಾಮನ ಟಗರು ಕಟ್ಟು ಬಿಚ್ಚಿಕೊಂಡು ಮದುವೆ ಛತ್ರಕ್ಕೆ ನುಗ್ಗಿದ್ದನ್ನು ಬರೆಯುತ್ತಿದ್ದ. ಮದುಮಗನ ಹಾರಕ್ಕೆ ಟಗರು ಬಾಯಿ ಹಾಕುವ ಹೊತ್ತಿಗೆ ಬೆಲ್ ಹೊಡೆಯಿತು, ವ್ಯಾನ್ ಬಂದಿತ್ತು, ಹುಡುಗ ಓಡಿದ. ಮೆಹರುನ್ನೀಸಾ ಮಾಸ್ಕ್ ರೋಡಿನ ಜನರ ನಡುವೆ ತರಕಾರಿ ಚೀಲ ಹಿಡಿದು ನಡೆಯುತ್ತ, ಆ ಹಾರ ಏನಾಯಿತೋ ಎಂದು ದಾರಿಯುದ್ದಕ್ಕೂ ಯೋಚಿಸಿದರು. ಸೋಮವಾರ ಇನ್ನೂ ದೂರವಿತ್ತು.