ಅಪ್ಪ ಕ್ಯಾನಿನಲ್ಲಿ ತಂದ ಕ್ರಿಮಿಗಳು

ಗುಂಡ್ಲುಪೇಟೆಯಲ್ಲಿ ನಮ್ಮಪ್ಪ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದರು. ಬಾವಿಬಾವಿಗೂ ಬ್ಲೀಚಿಂಗ್ ಪೌಡರ್ ಹಾಕಿಸುತ್ತ, ಕ್ರಿಮಿ ಎಂದರೆ ಸಾವು ಎಂದು ಇಡೀ ಊರನ್ನೇ ಹೆದರಿಸಿಟ್ಟಿದ್ದರು. ಪ್ಲೇಗಿನ ಕಾಲದಲ್ಲಿ ಊರಾಚೆ ಗುಡಿಸಲು ಹಾಕಿಕೊಂಡು ಬದುಕಿದ್ದ ಜನ ಆ ಮಾತನ್ನು ಮರೆಯುವವರಲ್ಲ. ಮರೆತವರು ಅಪ್ಪನೇ.

ಊರ ಮೋರಿಗಳ ನೀರೆಲ್ಲ ಬಂದು ಸೇರುವ ಹೊಸ ತೊಟ್ಟಿಯಿಂದ ಕಣ್ಣುರಿಸುವ ಉಚ್ಚೆಯ ಘಾಟು ಏಳುತ್ತಿತ್ತು. ಆ ಘಾಟಿನಲ್ಲಿರುವುದು ಸಾರಜನಕ, ಅದನ್ನು ತಿಂದು ಘಾಟಿಲ್ಲದಂತೆ ಮಾಡಿ ಗಾಳಿಗೆ ಬಿಡುವ ಕ್ರಿಮಿಗಳಿವೆ ಎಂದು ಅಪ್ಪ ಎಲ್ಲೋ ಓದಿದ್ದರು. ಸರಿ, ಚಾಮರಾಜನಗರದ ಒಂದು ಹಳೆಯ ತೊಟ್ಟಿಯ ಕಪ್ಪು ಕೆಸರನ್ನು ಹಾಲಿನ ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತಿದರು. ಕ್ಯಾನಿನಲ್ಲೇನು ಎಂದು ಕಂಡಕ್ಟರ್ ಕೇಳಿದಾಗ ಕೆಸರು ಅಂದಿದ್ದರೆ ಮುಗಿಯುತ್ತಿತ್ತು. ನಮ್ಮಪ್ಪ "ಕ್ರಿಮಿಗಳು" ಎಂದರಂತೆ, ಅದೂ ಹೆಮ್ಮೆಯಿಂದ!

ದೀಪ ಹಚ್ಚುವ ಹೊತ್ತಿಗೆ ನಮ್ಮ ಜಗಲಿಯ ಮುಂದೆ ಜನ. ಕೆಲವರ ಕೈಯಲ್ಲಿ ದೊಣ್ಣೆ. ಅಪ್ಪನನ್ನು ಹೊಡೆದೇ ಹಾಕುತ್ತಾರೆ ಅಂದುಕೊಂಡು ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ.

"ಉಳ ಅಂದ್ರೆ ಸಾವು ಅಂತ ನೀವೇ ಯೋಳ್ತಿದ್ರಲ್ಲ ಸ್ವಾಮಿ? ಈಗ ನಮ್ ನೀರ್ಗೇ ಬುಡಕ್ ತಂದ್ರಾ?" ಎಂದ ಮುಂದೆ ನಿಂತಿದ್ದ ಅರಿಸಿನದ ವ್ಯಾಪಾರಿ. ತೊಟ್ಟಿಯ ಮಗ್ಗುಲಲ್ಲೇ ಅವನ ಕೇರಿಯ ಕುಡಿಯುವ ಬಾವಿ.

ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೊಸಿಲು ದಾಟಿ ಬಂದಳು. "ಹಾಲಿಗೆ ಹೆಪ್ಪು ಹಾಕಲ್ವೇನಪ್ಪಾ? ಅದೂ ಕ್ರಿಮಿನೇ. ಇದು ಮೋರಿ ನೀರಿಗೆ ಹಾಕೋ ಹೆಪ್ಪು. ನಾಳೆ ಇವರು ಕೆಸರು ಸುರೀಲಿ. ನಾಡಿದ್ದಿಂದ ನಮ್ಮನೆಗೂ ನಿಮ್ಮ ಬಾವಿ ನೀರೇ. ಕುಡಿಯೋದನ್ನ ನೀವೇ ಬಂದು ನೋಡಿ."

"ಮಗೀಗೂ ಕುಡಿಸ್ತೀರವ್ವಾ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಅವಳಿಗೂ."

ಕೆಸರು ಸುರಿದ ಮರುದಿನ ಬೆಳಿಗ್ಗೆ ವ್ಯಾಪಾರಿ ಬಂದು ಜಗಲಿಯ ಮೇಲೆ ಕುಳಿತ. ಅಪ್ಪ ಗಟಗಟನೆ ಕುಡಿದರು. ಅಮ್ಮ ಕುಡಿದಳು. ನನ್ನ ಹಲ್ಲುಗಳು ಲೋಟಕ್ಕೆ ಕಟಕಟ ಬಡಿಯುತ್ತಿದ್ದವು. ನೀರಿಗೆ ಕೆಟ್ಟ ರುಚಿಯೇನೂ ಇರಲಿಲ್ಲ. ಅದರಿಂದಲೇ ಭಯ ಇನ್ನೂ ಹೆಚ್ಚಾಯಿತು. ಅಮ್ಮನಿಗೆ ಎಲ್ಲ ಗೊತ್ತಿದೆ ಎಂಬುದೊಂದೇ ಧೈರ್ಯ. ಕಣ್ಣು ಮುಚ್ಚಿ ಕುಡಿದೆ. "ಆಯ್ತು ಬುಡಿ" ಎಂದು ವ್ಯಾಪಾರಿ ಎದ್ದು ಹೋದ.

ಅವನು ಬೀದಿಯ ತಿರುವು ದಾಟಿದ್ದೇ ತಡ, ಅಮ್ಮ ನನ್ನನ್ನು ಬಚ್ಚಲಿಗೆ ಎಳೆದೊಯ್ದು ಗಂಟಲಿಗೆ ಬೆರಳು ಹಾಕಿ, "ಕಕ್ಕು ಮಗಳೇ, ಕಕ್ಕು" ಎಂದು ಅಳತೊಡಗಿದಳು.