ಗುಂಡುಕಲ್ಲಿಗೆ ಒಂದು ಸೀಟು

ನಮ್ಮ ಕಾರು ಕೊಂಡು ಒಂಬತ್ತು ವರ್ಷವಾಗಿದ್ದರೂ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಅದು ಬೆನ್ನಿಗೆ ಅಂಟಿಕೊಂಡು, ಇಳಿಯುವಾಗ ಪರ್ರ್ ಎನ್ನುತ್ತಿತ್ತು. ಯಾವುದಾದರೂ ಮದುವೆ ಮನೆಯ ಮುಂದೆ ನಾವು ಇಳಿದರೆ ಒಬ್ಬೊಬ್ಬರಿಗೂ ಒಂದೊಂದು ಪರ್ರ್. ಅಂಥ ಕಾರನ್ನು ನೋಡಲು ಹೊರದೇಶದ ಕಾರು ಕಂಪನಿಯವರು ಮಂಡ್ಯಕ್ಕೆ ಬರುತ್ತಾರೆ ಎಂದು ಯಜಮಾನರು ಹೇಳಿದಾಗ ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

ಆದರೆ ವಿಷಯ ನಿಜವೇ ಆಗಿತ್ತು. ಪ್ರಪಂಚದ ಉದ್ದಗಲಕ್ಕೂ ಕಾರು ಮಾರುವ ಆ ಕಂಪನಿಗೆ ಈಗ ಏಷ್ಯಾದ ಬೆಳೆಯುತ್ತಿರುವ ಊರುಗಳ ಮೇಲೆ ಕಣ್ಣು ಬಿದ್ದಿತ್ತು. ದೊಡ್ಡ ನಗರಗಳನ್ನು ಅವರು ಆಗಲೇ ನೋಡಿ ಮುಗಿಸಿದ್ದರು. ಇನ್ನು ನಮ್ಮಂಥ ಊರಿನ ಸಂಸಾರಗಳು ಕಾರನ್ನು ಹೇಗೆ ಬಳಸುತ್ತವೆ ಎಂದು ಜೊತೆಯಲ್ಲೇ ಕೂತು ನೋಡಿ, ಅದಕ್ಕೆ ತಕ್ಕ ಹೊಸ ಕಾರು ಮಾಡಬೇಕಂತೆ. ಯಜಮಾನರು ಕಾಲೇಜಿನಲ್ಲಿ ಪಾಠ ಹೇಳಿದ ಹುಡುಗಿಯೊಬ್ಬಳು ಆ ಕಂಪನಿಯ ಬೆಂಗಳೂರು ಆಫೀಸಿನಲ್ಲಿದ್ದಳು. ಮೇಷ್ಟ್ರ ಮೇಲಿನ ಗೌರವಕ್ಕೆ ನಮ್ಮ ಮನೆಯನ್ನೇ ಬರೆಸಿಬಿಟ್ಟಳು. ಇವರೂ ಸುಮ್ಮನಿರದೆ, "ನಮ್ಮ ಮನೆಯವಳು ಕಾನ್ವೆಂಟು. ದುಭಾಷಿ ಕಳಿಸೋದೇ ಬೇಡ" ಎಂದಿದ್ದರು.

ಕಾನ್ವೆಂಟು ಹೌದು. ಅಲ್ಲಿನ ಸಿಸ್ಟರುಗಳು ನನಗೆ ಇಂಗ್ಲಿಷಿನ ಜೊತೆಗೆ ಇನ್ನೊಂದನ್ನೂ ಕಲಿಸಿದ್ದರು. ಯಾರ ಒರಟು ಮಾತನ್ನೂ ಇದ್ದ ಹಾಗೆ ಇನ್ನೊಬ್ಬರಿಗೆ ಮುಟ್ಟಿಸಬಾರದು, ನಯ ಮಾಡಿ ಮುಟ್ಟಿಸಬೇಕು. ಈ ಪಾಠ ಮುಂದೆ ಒಂದು ಕಾರಿನ ಎತ್ತರವನ್ನೇ ಕೆಡಿಸುತ್ತದೆ ಎಂದು ಪಾಪ ಅವರಿಗೇನು ಗೊತ್ತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಗಳ ಬಾಣಂತನ. ಗುರುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಮ್ಮ ಕಡೆ ಮಗುವಿಗಿಂತ ಮೊದಲು ತೊಟ್ಟಿಲಿನಲ್ಲಿ ಮಲಗುವುದು ಒರಳಿನ ಗುಂಡುಕಲ್ಲು. ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೂಗಿದ ಮೇಲೆಯೇ ಮಗುವಿನ ಸರದಿ. ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ನಮ್ಮ ಮನೆಯಲ್ಲಿ ಮಿಕ್ಸಿ ಬಂದ ಮೇಲೆ ಒರಳು ಇರಲಿಲ್ಲ. ಪಕ್ಕದ ಮನೆಯಿಂದ ತರೋಣವೇ ಎಂದು ಕೇಳಿ ಅತ್ತೆಯಿಂದ ಬೈಸಿಕೊಂಡಿದ್ದೆ.

"ಪಕ್ಕದ್ ಮನೇದ್ಯಾಕೆ? ಮಿಕ್ಸಿ ಜಾರ್ನೇ ಮಲಗ್ಸು, ಆಯ್ತದೆ" ಎಂದಿದ್ದರು ಅತ್ತೆ. ಆಮೇಲೆ ದನಿ ಇಳಿಸಿ, "ಮಳವಳ್ಳೀಲಿ ನಮ್ಮಕ್ಕನ ತಾವ ನಮ್ಮವ್ವನ ಗುಂಡು ಅದೆ ಕಣವ್ವ. ನಿನ್ ಗಂಡ ಉಟ್ಟಾಗ ಕೇಳಕ್ಕೆ ಬಾಯ್ ಬರ್ನಿಲ್ಲ. ಈಗ್ಲಾದ್ರೂ ನಮ್ಮನೆ ತೊಟ್ಲಲ್ಲಿ ಅದು ಮಲಗ್ಬೇಕು. ಆ ಕಂಪ್ನಿಯೋಳು ಬತ್ತಾಳಲ್ಲ, ಅವಳ್ನೂ ಕೂರುಸ್ಕೊಂಡು ಓಗ್ಬುಟ್ಟು ಬರಾನ" ಎಂದರು.

ಹೀಗೆ, ಗುರುವಾರಕ್ಕೆ ಎರಡು ದಿನವಿರುವಾಗ ನಾವು ಹೊರಟೆವು.

ಕಂಪನಿಯಿಂದ ಬಂದವಳು ಎತ್ತರದ, ತೆಳ್ಳಗಿನ ಹೊರದೇಶದ ಹೆಣ್ಣುಮಗಳು. ಕೈಯಲ್ಲೊಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ವಿಯೆಟ್ನಾಮಿನ ಯಾವುದೋ ಊರಿಗೂ ಇಂಡೋನೇಷ್ಯಾದ ಯಾವುದೋ ಊರಿಗೂ ನಡುವೆ 'ಮಂಡ್ಯ' ಎಂದು ಬರೆದಿದ್ದನ್ನು ಕಂಡು ನನಗೆ ಸುಮ್ಮನೆ ನಾಚಿಕೆಯಾಯಿತು, ನಮ್ಮ ಹುಡುಗಿಯ ಫೋಟೋ ಪೇಪರಿನಲ್ಲಿ ಬಂದ ಹಾಗೆ. ಅವಳು ನಗುತ್ತಾ, "ನಾನು ಇಲ್ಲವೇ ಇಲ್ಲ ಎಂದುಕೊಳ್ಳಿ. ದಿನಾ ಹೇಗೋ ಹಾಗೇ ಇರಿ. ನಾನು ಯಾವುದರಲ್ಲೂ ಕೈ ಹಾಕುವಂತಿಲ್ಲ, ನೋಡುವುದಷ್ಟೇ" ಎಂದಳು.

ದಿನಾ ಹೇಗೋ ಹಾಗೆ ಇರುವುದು ನೆಂಟರ ಮುಂದೆ ಯಾರಿಗಾದರೂ ಸಾಧ್ಯವೇ? ಯಜಮಾನರು ಬೆಳಿಗ್ಗೆಯೇ ಕಾರಿಗೆ ಶ್ಯಾಂಪೂ ಹಾಕಿ ತೊಳೆದಿದ್ದರು. ಇಸ್ತ್ರಿ ಪ್ಯಾಂಟು, ಬೂಟು. ಆ ದಿನ ಅವರು ರಸ್ತೆಯಲ್ಲಿ ಮಲಗಿದ ಎಮ್ಮೆಗೂ ಇಂಡಿಕೇಟರ್ ಹಾಕಿದರು. ಹೊಸ ಹೆದ್ದಾರಿ ಬಿಟ್ಟು ಹಳೇ ರಸ್ತೆಯಲ್ಲೇ ಹೋದೆವು, ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋದರೆ ಅದು ನಮ್ಮ ದಿನನಿತ್ಯ ಅಲ್ಲವಲ್ಲ. ಅವಳ ವಡೆಯಿಂದ ಸೀಟಿನ ಮೇಲೆ ಒಂದು ತೊಟ್ಟು ಎಣ್ಣೆ ಬಿತ್ತು. ಅತ್ತೆ ಸೆರಗಿನಿಂದ ಒರೆಸಿ, "ನೋಡ್ದಾ? ಇದ್ಕೇ ಪ್ಲಾಸ್ಟಿಕ್ ತಗ್ದಿಲ್ಲ" ಎಂದರು, ಒಂಬತ್ತು ವರ್ಷದಿಂದ ಈ ತೊಟ್ಟಿಗೇ ಕಾಯುತ್ತಿದ್ದವರಂತೆ.

ಮದ್ದೂರು ದಾಟಿದ ಮೇಲೆ ಅವಳು, ಈ ಕಾರಿನಲ್ಲಿ ಏನು ಬದಲಾಗಬೇಕು ಎಂದು ನನ್ನ ಮೂಲಕ ಅತ್ತೆಯನ್ನು ಕೇಳಿದಳು.

"ಇದ್ನ ಮಾಡ್ದೋನ್ಗೆ ಮಂಡಿ ಇಲ್ಲ ಅಂತ ಬರ್ಕೊ ಅನ್ನು" ಎಂದರು ಅತ್ತೆ. "ಇದ್ದಿದ್ರೆ ಅತ್ತದೆಂಗೆ ಇಳಿಯದೆಂಗೆ ಅಂತ ಗೊತ್ತಾಗದು."

ನಾನು ಸಿಸ್ಟರುಗಳನ್ನು ನೆನೆದು, "ಅತ್ತೆಯವರಿಗೆ ಕಾರು ಬಹಳ ಇಷ್ಟ. ಎತ್ತರ ಮಾತ್ರ ತುಸು ಬೇರೆ ಇದ್ದರೆ ಚೆನ್ನ ಅನ್ನುತ್ತಾರೆ" ಎಂದೆ. ಅವಳು 'ಎತ್ತರ' ಎಂದು ಬರೆದು ಅಡಿಗೆರೆ ಎಳೆದಳು.

ಮಳವಳ್ಳಿಯಲ್ಲಿ ಅತ್ತೆಯ ಅಕ್ಕ, ನನಗೆ ದೊಡ್ಡತ್ತೆ, ಎಲ್ಲರಿಗೂ ಕಾಫಿ ಕೊಟ್ಟು, ವಿಷಯ ಕೇಳಿ, ಸೆರಗು ಬಿಗಿದು ಒರಳಿನ ಪಕ್ಕ ನಿಂತುಬಿಟ್ಟರು.

"ಗುಂಡು ಒಂದ್ನೇ ಕೊಡಕ್ಕಿಲ್ಲ ಕಣಮ್ಮಿ. ಒಳ್ಳೂ ಗುಂಡೂ ಗಂಡ ಎಂಡ್ತಿ ಇದ್ದಂಗವೆ. ಅಗಲುಸ್ಬಾರ್ದು. ತಗೊಂಡೋದ್ರೆ ಜೋಡಿಗೆ ತಗೊಂಡೋಗು. ನಮ್ಮನೇಲಿ ತೊಟ್ಲು ಕಟ್ದಾಗ ಜೋಡಿಗೇ ತಂದ್ಕೊಡು."

"ಅಷ್ಟು ದಪ್ಪ ಒಳ್ಳ ಎಂಗಕ್ಕ ಒತ್ಕೊಂಡೋಗದು?"

"ಕಾರ್ ತಂದಿದ್ದೀಯಲ್ಲ. ತೋರ್ಸಕ್ ತಂದಿದ್ದೀಯಾ?"

ಅತ್ತೆ ಜಗಳವಾಡುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಗುಂಡಿನ ಮೇಲೆ ಕೈಯಿಟ್ಟು, "ಗುರುವಾರ ತೊಟ್ಲು ಕಣಕ್ಕ" ಎಂದರು, ಅಷ್ಟೇ. ಮಗನ ಕಡೆ ನೋಡಿದರು. ಯಜಮಾನರು ಕಾರಿನ ಕಡೆ ನೋಡಿದರು. ಕಾರು ಪಾಪ, ಯಾರ ಕಡೆಯೂ ನೋಡಲಿಲ್ಲ.

ಬೀದಿಯ ನಾಲ್ಕು ಗಂಡಸರು ಉಸ್ಸೆಂದು ಒರಳನ್ನು ಎತ್ತಿ ಡಿಕ್ಕಿಯಲ್ಲಿಟ್ಟರು. ಹಿಂದಿನ ಟೈರುಗಳು ಚಪ್ಪಟೆಯಾಗಿ, ಕಾರಿನ ಮೂತಿ ಮೇಲೆದ್ದು, ಕರೆಂಟು ಕಂಬದ ಮೇಲಿನ ಕಾಗೆಯನ್ನು ಎಣಿಸುವ ಹಾಗೆ ನಿಂತಿತು. ಹೊರದೇಶದವಳು ಅದರ ಚಿತ್ರ ಬರೆದುಕೊಂಡಳು.

ಗುಂಡನ್ನು ಎಲ್ಲಿಡುವುದು? ಕಾಲಿನ ಹತ್ತಿರ ಇಡೋಣ ಎಂದ ಯಜಮಾನರಿಗೆ ಅತ್ತೆ ಹೇಳಿದ್ದು ಇದು: "ನಾವ್ ಐದ್ ಜನ ಮಕ್ಳೂ ತೊಟ್ಲಿಗೆ ಬೀಳಕ್ಕೆ ಮುಂಚೆ ಇದು ಬಿದ್ದದೆ. ನಮ್ಗೆಲ್ಲ ದೊಡ್ಡಣ್ಣ ಕಣ್ಲಾ ಇದು. ದೊಡ್ಡಣ್ಣನ್ನ ಕಾಲ್ತಾವ ಮಡಗೀಯಾ?"

ಅತ್ತೆಗೆ ಮಂಡಿನೋವು. ನನ್ನ ಮಡಿಲಲ್ಲಿ ದೊಡ್ಡತ್ತೆ ಕೊಟ್ಟ ಬಾಳೆಗೊನೆ. ಹೊರದೇಶದವಳು ಮೆಲ್ಲಗೆ, ತಾನು ಕೈ ಹಾಕುವಂತಿಲ್ಲ, ತಾನು ಇಲ್ಲಿ ಇಲ್ಲವೇ ಇಲ್ಲ ಎಂದಳು. ನಾನು ಅದನ್ನು ಇದ್ದ ಹಾಗೇ ಅತ್ತೆಗೆ ಹೇಳಿದೆ.

"ಅವಳಿಲ್ಲ ಅಂದ್ಮೇಲೆ ಆ ಸೀಟು ಖಾಲಿ ತಾನೇ? ಖಾಲಿ ಸೀಟಲ್ಲಿ ಮಡಗು" ಎಂದು ಅತ್ತೆ, ಟವೆಲಿನಲ್ಲಿ ಸುತ್ತಿದ ಗುಂಡನ್ನು ಅವಳ ಮಡಿಲಿಗೇ ಇಟ್ಟುಬಿಟ್ಟರು. ಅವಳು ಒಂದು ಕ್ಷಣ ನೋಟ್‌ಬುಕ್ಕನ್ನೂ ಗುಂಡನ್ನೂ ನೋಡಿ, ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿದಳು. ಸೀಟ್ ಬೆಲ್ಟನ್ನು ಗುಂಡಿನ ಮೇಲಿಂದ ಎಳೆದು ಹಾಕಿಕೊಂಡಳು.

ಮೊದಲ ಹಂಪು ಮಳವಳ್ಳಿ ಬಿಡುವ ಮೊದಲೇ ಸಿಕ್ಕಿತು. ಕಾರಿನ ಹೊಟ್ಟೆ ಗರ್ರ್ ಎಂದು ಕೆರೆಯಿತು. ಯಜಮಾನರು ನಿಲ್ಲಿಸಿ, "ಎಲ್ಲ ಇಳೀರಿ" ಎಂದರು. ಭಾರ ಹೆಚ್ಚಾದಾಗ ಹಂಪಿಗೆ ಇಳಿದು, ಕಾರು ದಾಟಿದ ಮೇಲೆ ಮತ್ತೆ ಹತ್ತುವುದು ನಮಗೇನೂ ಹೊಸದಲ್ಲ. "ನಾ ಇಳಿಯಕ್ಕಿಲ್ಲ" ಎಂದು ಅತ್ತೆ ರಾಣಿಯಂತೆ ಒಳಗೇ ಕೂತರು. ನಾನು ಬಾಳೆಗೊನೆ ಹಿಡಿದು, ಅವಳು ಗುಂಡನ್ನು ಎದೆಗವುಚಿಕೊಂಡು, ಇಬ್ಬರೂ ಪರ್ರ್, ಪರ್ರ್ ಎಂದು ಇಳಿದು ಹಂಪು ದಾಟಿದೆವು. ಶಾಲೆಯಿದ್ದಲ್ಲೆಲ್ಲ ಹಂಪು, ಗುಡಿಯಿದ್ದಲ್ಲೆಲ್ಲ ಹಂಪು, ಎರಡೂ ಇಲ್ಲದಲ್ಲಿ ಸುಮ್ಮನೆ ಒಂದು ಹಂಪು. ಹದಿನಾರನೆಯದರ ಹೊತ್ತಿಗೆ ಅವಳು, ಯಜಮಾನರು ಬ್ರೇಕ್ ಮುಟ್ಟುವ ಮೊದಲೇ ಬಾಗಿಲಿಗೆ ಕೈ ಹಾಕುತ್ತಿದ್ದಳು.

ಮದ್ದೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಹಂಪಿನ ಪಕ್ಕ ಎಳನೀರಿನ ಅಂಗಡಿ. ಅತ್ತೆ "ನೀರ್ ಕೊಡವ್ವ" ಎಂದು ಒಳಗಿನಿಂದ ಕೂಗಿದ್ದರಿಂದ, ಹಂಪಿಗೆ ಇಳಿದಿದ್ದ ನಾನು ಓಡಿ ಹತ್ತಿ ಬಾಟಲಿ ಹುಡುಕತೊಡಗಿದೆ. ಬಾಗಿಲು ಹಾಕಿದ ಸದ್ದು ಕೇಳಿ ಯಜಮಾನರು ಹೊರಟೇಬಿಟ್ಟರು. ಎರಡು ಕಬ್ಬಿನ ಟ್ರ್ಯಾಕ್ಟರುಗಳನ್ನು ಇಂಡಿಕೇಟರ್ ಹಾಕಿ ದಾಟಿದ ಮೇಲೆ ಅತ್ತೆ ಕಿರುಚಿದರು.

"ಅಯ್ಯೋ, ನನ್ ಗುಂಡು!"

"ಆ ಹುಡುಗಿ ಎಲ್ಲಿ?" ಎಂದೆ ನಾನು.

"ಅವಳು ಇಲ್ಲ ಅಂದ್ಕೊಳ್ಳಿ ಅಂತ ಅವಳೇ ಹೇಳಿದ್ಲಲ್ಲ!" ಎಂದರು ಯಜಮಾನರು, ಬೆವರುತ್ತಾ.

"ತಿರುಗ್ಸ್ಲಾ ಕಾರ! ಗುಂಡಿಲ್ದೆ ನಾನು ಮನೆ ಮೆಟ್ಲು ಅತ್ತಕ್ಕಿಲ್ಲ!"

ಹಿಂದಕ್ಕೆ ಹೋಗುವಾಗ ಅತ್ತೆ ತುಟಿ ಕಚ್ಚಿಕೊಂಡು ಕೂತಿದ್ದರು. ನಾನು ಕಂಪನಿಗೆ ಇಂಗ್ಲಿಷಿನಲ್ಲಿ ಹೇಗೆ ಕ್ಷಮೆ ಕೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದೆ. ಆ ಹುಡುಗಿ ಎಳನೀರಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಸುತ್ತ ಐದಾರು ಹೆಂಗಸರು. ಟವೆಲಿನೊಳಗಿನ ಮಗುವನ್ನು ನೋಡಲು ಬಂದವರು ಗುಂಡನ್ನು ಕಂಡು ಎಲ್ಲ ಅರ್ಥಮಾಡಿಕೊಂಡಿದ್ದರು. ತೊಟ್ಟಿಲಿಗೆ ಹೊರಟ ಗುಂಡನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿನ ಹಣೆಗೊಂದು ಕುಂಕುಮ, ಅವಳ ಹಣೆಗೊಂದು ಕುಂಕುಮ, ಜಡೆಯಿಲ್ಲದ್ದರಿಂದ ಕಿವಿಯ ಹಿಂದೆ ಹೂವು.

"ಗಟ್ಟಿ ಮಗ ಕಣವ್ವ, ಒಸಿಯೂ ಅಳ್ನಿಲ್ಲ" ಎಂದಳು ಅಂಗಡಿಯವಳು. ಎಲ್ಲರೂ ನಕ್ಕರು. ಹೊರದೇಶದವಳೂ ನಕ್ಕಳು, ಅರ್ಥವಾಗದೆಯೇ. ಅವಳ ಎರಡೂ ಕೈ ಮಾತ್ರ ಗುಂಡಿನ ಕೆಳಗೆ ಭದ್ರವಾಗಿದ್ದವು. ಅತ್ತೆ ಕಾರಿನ ಕಿಟಕಿಯಿಂದ ಅದನ್ನೇ ನೋಡಿ, "ಇವಳು ಬೀಳ್ಸಕ್ಕಿಲ್ಲ ಬುಡು" ಎಂದರು.

ಒರಳನ್ನು ಮಂಡ್ಯದಲ್ಲಿ ಇಳಿಸಲು ಮೂರೇ ಜನ ಸಿಕ್ಕಿದ್ದರಿಂದ ಅದು ಗೇಟಿನ ಪಕ್ಕಕ್ಕಿಂತ ಒಳಗೆ ಬರಲಿಲ್ಲ. ಆದರೆ ಗುರುವಾರ ಗುಂಡು ತೊಟ್ಟಿಲು ಸೇರಿತು. ಅತ್ತೆ ಅದನ್ನು, ಶಾಸ್ತ್ರಕ್ಕೆಂದು ಬಂದಿದ್ದ ಹೊರದೇಶದವಳ ಕೈಯಿಂದಲೇ ಇಡಿಸಿದರು. ಮೊದಲ ಸಲ ತೂಗಿದವರು ಅತ್ತೆ. ಆಗ ಅವರ ಮೂಗಿನ ತುದಿ ಕೆಂಪಾಗಿದ್ದನ್ನು ನಾನು ನೋಡಿದೆ, ನೋಡದವಳಂತೆ ಎಲೆ ಅಡಿಕೆ ಜೋಡಿಸಿದೆ.

ಎರಡು ವರ್ಷ ಕಳೆದು, ಆ ಕಂಪನಿಯ ಶೋರೂಮು ನಮ್ಮೂರಿನಲ್ಲೇ ತೆರೆಯಿತು. ನಮ್ಮಂಥ ಊರುಗಳಿಗೆಂದೇ ಮಾಡಿದ ಕಾರಂತೆ. ಯಾವ ಹಂಪಿಗೂ ಹೊಟ್ಟೆ ತಾಗದಷ್ಟು ಎತ್ತರ. ಅತ್ತೆ ಅದರ ಬಾಗಿಲಿನ ಮುಂದೆ ನಿಂತು, ಒಂದು ಕಾಲೆತ್ತಿ, ಇಳಿಸಿ, ನನ್ನನ್ನು ನೋಡಿದರು.

"ಅವತ್ತು ನೀನು ಅವಳ್ಗೆ ಏನಂತ ಏಳ್ದೆ?"

ನಾನು ಶೋರೂಮಿನ ಹೂಕುಂಡ ನೋಡತೊಡಗಿದೆ.

ಅದೇ ವಾರ ಮಳವಳ್ಳಿಯಿಂದ ಫೋನು ಬಂತು. ದೊಡ್ಡತ್ತೆಯ ಮೊಮ್ಮಗನಿಗೆ ಹೆಣ್ಣು ಮಗು. ಭಾನುವಾರ ತೊಟ್ಟಿಲು. "ಜೋಡಿಗೇ ತತ್ತೀಯ ಕಣಮ್ಮಿ" ಎಂದು ಜ್ಞಾಪಿಸಿ ದೊಡ್ಡತ್ತೆ ಫೋನು ಇಟ್ಟರು. ನಾವೆಲ್ಲ ಗೇಟಿನ ಪಕ್ಕದ ಒರಳನ್ನು ನೋಡಿದೆವು. ಯಜಮಾನರು ಒಳಗೆ ಹೋಗಿ ಶೋರೂಮಿಗೆ ಫೋನು ಮಾಡಿ, ಟೆಸ್ಟ್ ಡ್ರೈವಿಗೆ ಸ್ವಲ್ಪ ದೂರ ಹೋದರೆ ಪರವಾಗಿಲ್ಲವೇ ಎಂದು ಕೇಳಿದರು.

ಶನಿವಾರ ಕಾರು ಬಂತು. ಜೊತೆಗೆ ಟೈ ಕಟ್ಟಿದ ಸೇಲ್ಸಿನವರೊಬ್ಬರು. ಬೀದಿಯವರು ಸೇರಿ ಒರಳನ್ನು ಡಿಕ್ಕಿಗೇರಿಸುವಾಗ ಅವರು ಟೈ ಸರಿಮಾಡಿಕೊಂಡರು. ಅತ್ತೆ ಅಡುಗೆಮನೆಯ ಮಣೆ ಹಾಕಿಸಿಕೊಂಡು ಹತ್ತುವಾಗ ಬಾಗಿಲು ಹಿಡಿದುಕೊಂಡರು. ತಮ್ಮ ಮಡಿಲಿಗೆ ಟವೆಲಿನ ಗಂಟು ಬಂದಾಗ ಮಾತ್ರ ಮೆಲ್ಲಗೆ ಕೇಳಿದರು.

"ಸರ್, ಇದು?"

"ನಮ್ಮ ದೊಡ್ಡಮಾವ" ಎಂದರು ಯಜಮಾನರು, ಇಂಡಿಕೇಟರ್ ಹಾಕುತ್ತಾ. "ಸೀಟ್ ಬೆಲ್ಟು ಅವರಿಗೂ ಸೇರಿಸಿ ಹಾಕ್ಕೊಳ್ಳಿ."