ಒಣಗಿದ ಮೇಲೆಯೇ ಮುಚ್ಚುವ ಕೈ

ಬೆಳಕು ಹರಿಯುವ ಹೊತ್ತಿಗೆ ದೋಣಿ ರಿಪೇರಿಯ ಅಂಗಳದಲ್ಲಿ ತಟ್ಟಕ್ಕ ಏಣಿ ಹತ್ತಿ ಹಳೆಯ ಫೈಬರ್ ಹಾಯಿದೋಣಿಯ ಮೇಲೆ ಮಂಡಿಯೂರಿದ್ದಾರೆ. ಹಾಯಿಕಂಬ ನಿಲ್ಲುವ ಕಡೆ ಊಟದ ಮೇಜಿನಷ್ಟು ಅಗಲ ಕೊಯ್ದು ತೆರೆದ ಜಾಗವಿದೆ. ಅದರ ಮೇಲೆ ನಿನ್ನೆ ಸಂಜೆ ಅಂಟುಪಟ್ಟಿ ಹಚ್ಚಿ ಬಿಗಿದ ಪ್ಲಾಸ್ಟಿಕ್ ಹಾಳೆ. ಟಾರ್ಚ್ ಬಿಟ್ಟು ನೋಡಿದರೆ ಮೂರು ಮೂಲೆ ಒಣಗಿವೆ. ನಾಲ್ಕನೆಯದರ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಐದಾರು ಹನಿ.

"ಇನ್ನೂ ಬೆವರ್ತಾ ಇದೆ" ಎನ್ನುತ್ತಾರೆ. ಹೀಗೆ ಹಾಳೆ ನೋಡುತ್ತಿರುವುದು ಇದು ಹದಿನೇಳನೆಯ ಬೆಳಗ್ಗೆ.

ಈ ದೋಣಿಯ ಮೇಲ್ಮೈ ಎರಡು ಫೈಬರ್ ಪದರಗಳ ನಡುವೆ ಹಗುರ ಮರ ಇಟ್ಟು ಮಾಡಿದ್ದು. ಮರಕ್ಕೆ ನೀರು ಹೊಕ್ಕರೆ ಹೊರಗೆ ಹೊಳಪು, ಒಳಗೆ ಕೊಳೆತ. ಅದನ್ನು ಪತ್ತೆ ಮಾಡಲು ಅಕ್ಕ ಸ್ಕ್ರೂಡ್ರೈವರ್ ಹಿಡಿಯಿಂದ ಗೇಣುಗೇಣಿಗೂ ತಟ್ಟುತ್ತಾರೆ. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಸೀಮೆಸುಣ್ಣದ ಗುರುತು. ಒಂದು ದೋಣಿಗೆ ಸಾವಿರಕ್ಕೂ ಹೆಚ್ಚು ತಟ್ಟು. ಅಂಗಳದವರು ಇಟ್ಟ ಅಡ್ಡಹೆಸರು ಹೀಗೆ ಬಂದದ್ದು. ಬಸ್ ಓಡಿಸುವ ಗಂಡ ಮನೆಯಲ್ಲಿ ಕಾಡಿಸುವುದೂ ಅದಕ್ಕೇ: "ನನ್ನ ತಲೆನೂ ಒಂದ್ಸಲ ತಟ್ಟಿ ನೋಡೇ, ಒಳಗೆ ಏನಾದ್ರೂ ಇದ್ಯೋ ಇಲ್ವೋ." ಅಕ್ಕನ ಉತ್ತರ ಸಿದ್ಧ: "ಮದುವೆ ದಿನವೇ ತಟ್ಟಿದ್ದೆ. ಗುರುತು ಹಾಕಿ ಸುಮ್ಮನಾದೆ."

ಕೆಲಸ ಸುಲಭದ್ದಲ್ಲ. ಉಜ್ಜಿದ ಫೈಬರ್ ಪುಡಿ ಚರ್ಮಕ್ಕೆ ನಾಟಿ ತುರಿಸುತ್ತದೆ. ಮನೆಗೆ ಹೋದವರೇ ಮೊದಲು ತಣ್ಣೀರು ಸ್ನಾನ, ಆಮೇಲೆ ಮೊಣಕೈಗೆ ಅಂಟುಪಟ್ಟಿ ಒತ್ತಿ ಕಿತ್ತು ಎಳೆಗಳನ್ನು ತೆಗೆಯಬೇಕು. ಬಟ್ಟೆಗೆ ಬೇರೆಯೇ ಬಕೆಟ್ಟು. ಐವತ್ತೆರಡರ ಮಂಡಿಗಳು ಏಣಿ ಇಳಿಯುವಾಗ ಮಾತಾಡುತ್ತವೆ. ಆದರೂ ಅಕ್ಕನ ಬಾಯಲ್ಲಿ ದೂರಿಗಿಂತ ಋಣದ ಮಾತೇ ಹೆಚ್ಚು. "ಹೆಂಗಸಿಗೆ ಇಲ್ಲೇನು ಕೆಲಸ ಅಂತ ಎಲ್ಲಾ ಕಡೆ ವಾಪಸ್ ಕಳ್ಸಿದ್ರು. ನಮ್ಮ ಮೇಸ್ತ್ರಿ ಒಬ್ರೇ, ನಾಳೆ ಹಳೇ ಬಟ್ಟೆ ಹಾಕ್ಕೊಂಡು ಬಾ ಅಂದಿದ್ದು."

ಮೇಸ್ತ್ರಿ ಕಲಿಸಿದ ಪಾಠ ಎರಡು. ರಾತ್ರಿ ಪ್ಲಾಸ್ಟಿಕ್ ಬಿಗಿದು ಬೆಳಗ್ಗೆ ಒಳಗಿನ ತೇವ ಹನಿಗಟ್ಟಿಲ್ಲವೆಂದು ನೋಡದೆ ಯಾವ ತೂತನ್ನೂ ಮುಚ್ಚಬಾರದು. ಮುಚ್ಚುವ ಮೊದಲು ಕೆಳಪದರದ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆಯಬೇಕು. ಮೇಲೆ ಅಂಟು ಸುರಿದರೆ ಆ ಬರಹ ಅಳಿಯುವುದಿಲ್ಲ.

ಆ ತಾರೀಕೇ ಈ ಸಲ ಅಕ್ಕನನ್ನು ಹಿಡಿದುಹಾಕಿತು. ತಿಂಗಳ ಹಿಂದೆ ಈ ದೋಣಿಯನ್ನು ಕೊಯ್ದಾಗ ನೆನೆದ ರಟ್ಟಿನಂತೆ ಮರ ಕೈಗೆ ಬಂತು. ಕೆರೆದು ಒರೆಸಿದರೆ ಅಡಿಯಲ್ಲಿ ಇಪ್ಪತ್ತೊಂದು ವರ್ಷದ ಹಿಂದಿನ ತಾರೀಕು, ಅಕ್ಕನದೇ ಅಕ್ಷರ. ದೋಣಿಯ ಬಣ್ಣವೂ ಹೆಸರೂ ಬದಲಾಗಿದ್ದರಿಂದ ಅಲ್ಲಿಯವರೆಗೆ ಗುರುತೇ ಸಿಕ್ಕಿರಲಿಲ್ಲ. ಮೇಸ್ತ್ರಿಗೆ ಜ್ವರ ಬಂದಿದ್ದಾಗ ಒಬ್ಬರೇ ನಿಂತು ಮಾಡಿದ ಮೊದಲ ದೋಣಿ ಅದು. ದೋಣಿ ಇಳಿಸಲು ನೀರು ಸಾಲುವುದು ಹುಣ್ಣಿಮೆಯ ಉಬ್ಬರದಲ್ಲೇ; ಅದು ತಪ್ಪೀತೆಂದು ಆವತ್ತು ಪ್ಲಾಸ್ಟಿಕ್ ಬಿಗಿಯದೆ ಮುಚ್ಚಿದ್ದರು. "ಮುಟ್ಟಿದ್ರೆ ಒಣಗಿದ ಹಾಗೇ ಇತ್ತು. ಸರಿಯಾದ ಟೈಮಿಗೆ ಇಳಿಸ್ದೆ ಅಂತ ಇಷ್ಟು ವರ್ಷ ಹೇಳ್ಕೊಂಡು ತಿರುಗಿದೀನಿ ನೋಡಿ."

ಮುಚ್ಚಿಡಬಹುದಿತ್ತು. ಅಕ್ಕ ಅದೇ ಸಂಜೆ ದೋಣಿಯ ಈಗಿನ ಒಡತಿಗೆ, ಎಪ್ಪತ್ತು ದಾಟಿದ ನಿವೃತ್ತ ನರ್ಸಿಗೆ, ಎಲ್ಲ ಹೇಳಿದರು. ಎಂಬತ್ತಾರರ ಮೇಸ್ತ್ರಿಯ ಮನೆಗೂ ಹೋದರು. ಮೇಸ್ತ್ರಿ ನಕ್ಕರಂತೆ. "ಇಷ್ಟು ವರ್ಷ ತೇಲಿತಲ್ಲ ತಾಯಿ. ಮಾಡಿದ ತಪ್ಪು ತಾನಾಗೇ ಕೈಗೆ ವಾಪಸ್ ಬಂತು, ಸರಿ ಮಾಡು. ಎಷ್ಟು ಜನಕ್ಕೆ ಸಿಗುತ್ತೆ ಅದು?"

ಈಗ ಮತ್ತೆ ಅದೇ ಇಕ್ಕಟ್ಟು. ದೊಡ್ಡ ಉಬ್ಬರಕ್ಕೆ ನಾಲ್ಕೇ ದಿನ, ಮರ ಕೂರಿಸಿ ಪದರ ಹಾಕಲು ನಾಲ್ಕು ದಿನ ಬೇಕು. ತಪ್ಪಿದರೆ ಗಾಳಿಯ ಕಾಲ ಶುರುವಾಗಿ ದೋಣಿ ಐದು ತಿಂಗಳು ನೆಲದ ಮೇಲೆಯೇ. ಅರವತ್ತೈದಕ್ಕೆ ಹಾಯಿ ಕಟ್ಟಲು ಕಲಿತ ನರ್ಸಮ್ಮನಿಗೆ ಐದು ತಿಂಗಳು ಕಡಿಮೆಯಲ್ಲ. ಅವರು ಚಹಾದ ಫ್ಲಾಸ್ಕ್ ಹಿಡಿದು ಬರುವಷ್ಟರಲ್ಲಿ ಅಕ್ಕ ಏಣಿ ಇಳಿದು ನಿಂತಿದ್ದಾರೆ.

"ಸಿಸ್ಟರಮ್ಮ, ಈ ಸಲ ನೀರಿಗೆ ಇಳಿಯಲ್ಲ."

ನರ್ಸಮ್ಮ ಹನಿಗಳನ್ನು ತಾವೂ ನೋಡಿ ಬರುತ್ತಾರೆ. ಮುಖ ಸ್ವಲ್ಪ ಸಣ್ಣದಾಗಿದೆ. "ಒಳಗೆ ಕೀವಿರೋ ಗಾಯನ ಮೇಲಿಂದ ಹೊಲೀಬಾರ್ದು ಅಂತ ನಲವತ್ತು ವರ್ಷ ನಾನೇ ಬೈದಿದೀನಿ. ಇವತ್ತು ನಿನಗೆ ಬೇರೆ ಹೇಳ್ಲಾ? ತಗೋ, ಚಹಾ ಕುಡಿ." ಅಕ್ಕ ಲೋಟ ತೆಗೆದುಕೊಂಡು ಏಣಿಯ ಕೆಳಮೆಟ್ಟಿಲ ಮೇಲೆ ಕೂರುತ್ತಾರೆ.

ಹುಣ್ಣಿಮೆಯ ದಿನ ಅಂಗಳದಿಂದ ಬೇರೆ ಆರು ದೋಣಿಗಳು ನೀರಿಗೆ ಇಳಿಯುತ್ತವೆ. ಅಕ್ಕನೂ ನರ್ಸಮ್ಮನೂ ಪ್ರತಿಯೊಂದರ ಹಗ್ಗಕ್ಕೂ ಕೈ ಕೊಡುತ್ತಾರೆ. ಅದಾಗಿ ಐದನೆಯ ಬೆಳಗ್ಗೆ ಟಾರ್ಚ್ ಬೆಳಕಿನಲ್ಲಿ ಹಾಳೆಯ ನಾಲ್ಕೂ ಮೂಲೆ ಒಣಗಿವೆ. ಅಕ್ಕ ಹಾಳೆ ಕಿತ್ತು, ಒಮ್ಮೆ ಅಂಗೈಯಿಂದ ಸವರಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆಯುತ್ತಾರೆ. ಹಳೆಯ ತಾರೀಕನ್ನು ಉಜ್ಜಿ ಅಳಿಸಿಲ್ಲ. ಅದರ ಕೆಳಗೆ ಇವತ್ತಿನದನ್ನು ಬರೆಯುತ್ತಾರೆ.

"ನಂಗೆ ದೊಡ್ಡ ಆಸೆ ಏನಿಲ್ಲ. ಮುಂದೆ ಯಾವತ್ತೋ ಯಾರೋ ಇದನ್ನ ಬಿಚ್ತಾರಲ್ಲ, ಅವರು ನನ್ನ ಬೈಕೋಬಾರ್ದು, ಅಷ್ಟೇ."

ಆಮೇಲೆ ಏನೋ ನೆನಪಾದವರಂತೆ ಮತ್ತೆ ಬಗ್ಗಿ, ಎರಡನೆಯ ತಾರೀಕಿನ ಪಕ್ಕ ಇನ್ನೊಂದೇ ಪದ ಸೇರಿಸುತ್ತಾರೆ: ಒಣಗಿತ್ತು.